ಸಂಕ್ರಾಂತಿಯಿಂದ ಯುಗಾದಿವರೆಗೆ: ಹವೆಯ ಋಣ ಬರೆದಿಡುವ ಬಗೆ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಅಂತಾರೆ. ಓಡುವುದೇನೋ ನಿಜ, ಆದರೆ ನಡುವೆ ನಾಲ್ಕು ಸಲ ತಿರುಗಿ ಬರುತ್ತದೆ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನು, ಜೊತೆಗೆ ಬಿರಿದ ತುಟಿ, ಒಡೆದ ಹಿಮ್ಮಡಿ. ಗೊಣಗಲು ಹೇಳಿಮಾಡಿಸಿದ ಕಾಲ. ಇದೇ ಕಾಲದಲ್ಲಿ ಕೃತಜ್ಞತೆಯನ್ನು ರೂಢಿ ಮಾಡಿಕೊಳ್ಳಬೇಕೆಂದರೆ ಬರಿಯ ಒಳ್ಳೆಯ ಮನಸ್ಸು ಸಾಲದು, ಒಂದು ಲೆಕ್ಕದ ಪುಸ್ತಕ ಬೇಕು.

ಸಂಕ್ರಾಂತಿಯ ವಾರ ಶುರುಮಾಡಿ, ಯುಗಾದಿಗೆ ಮುಗಿಸಿ. ಯುಗಾದಿ ಮಾರ್ಚ್‌ನಲ್ಲೂ ಬರಬಹುದು, ಏಪ್ರಿಲ್ ನಡುವಿಗೂ ಜಾರಬಹುದು. ಹಾಗಾಗಿ 9ರಿಂದ 13 ವಾರ ಆಗುತ್ತದೆ. ವಾರಕ್ಕೆ ಎದುರುಬದುರಾದ ಎರಡು ಪುಟ: ಎಡಕ್ಕೆ ಹವೆ, ಬಲಕ್ಕೆ ಋಣ.

ಎಡಪುಟಕ್ಕೆ ದಿನಕ್ಕೆ ಎರಡು ನಿಮಿಷ ಸಾಕು. ಸೂರ್ಯ ಹುಟ್ಟುವ ಹೊತ್ತಿನ ಉಷ್ಣಾಂಶ, ಮಧ್ಯಾಹ್ನ ಮೂರರ ಸುಮಾರಿನ ಉಷ್ಣಾಂಶ, ಇಬ್ಬನಿ ಬಿತ್ತೋ ಇಲ್ಲವೋ, ಗಾಳಿ ಎತ್ತ ಕಡೆಯಿಂದ, ಇಷ್ಟೇ. ಥರ್ಮಾಮೀಟರನ್ನು ನೆರಳಿನಲ್ಲಿ, ಎದೆಯೆತ್ತರದಲ್ಲಿ, ಗಾಳಿಯಾಡುವ ಕಡೆ ತೂಗುಹಾಕಿ. ಬಿಸಿಲು ಬಿದ್ದ ಗೋಡೆಗೆ ಅಂಟಿಸಿದರೆ ಅದು ಗೋಡೆಯ ಕಾವನ್ನು ತೋರಿಸುತ್ತದೆ, ಹವೆಯದ್ದನ್ನಲ್ಲ. ಫೆಬ್ರವರಿಯಲ್ಲಿ ಬೆಂಗಳೂರಿನ ಬೆಳಗು ಸುಮಾರು 17 ಡಿಗ್ರಿ ಇದ್ದರೆ ಮಧ್ಯಾಹ್ನ 30 ದಾಟುವುದುಂಟು. ಆಕಾಶದಲ್ಲಿ ಮೋಡವಿಲ್ಲ, ಗಾಳಿಯಲ್ಲಿ ತೇವ ಕಡಿಮೆ. ಹಗಲು ನೆಲ ಕುಡಿದ ಕಾವು ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಮಂಗಳೂರು, ಕಾರವಾರದಲ್ಲಿ ಕಡಲು ಪಕ್ಕದಲ್ಲೇ ಇರುವುದರಿಂದ ಈ ಅಂತರ ಅಷ್ಟಿರದು. ಅಲ್ಲಿನವರು ಸೆಕೆ ಮತ್ತು ಗಾಳಿಯನ್ನೇ ಹೆಚ್ಚು ಗಮನಿಸಲಿ.

ಇದರ ಜೊತೆಗೆ ದಿನಾ ಹಾದುಹೋಗುವ ದಾರಿಯ ಒಂದೇ ಒಂದು ಮರ ಆರಿಸಿಕೊಳ್ಳಿ. ಹೊಂಗೆ ಸಿಕ್ಕರೆ ಅದೇ ಇರಲಿ: ಎಲೆ ಹಳದಿಯಾಗಿ ಉದುರಿ, ಬೋಳಾಗಿ, ಮಿರುಗುವ ತಿಳಿಹಸಿರು ಚಿಗುರು ತುಂಬಿಕೊಳ್ಳುವುದು ಈ ಅವಧಿಯೊಳಗೇ. ಬಯಲುಸೀಮೆಯಲ್ಲಿ ಎಲೆಯಿಲ್ಲದ ಕೊಂಬೆಯ ಮೇಲೆ ಕೆಂಡದಂತೆ ಅರಳುವ ಮುತ್ತುಗವೂ ಆದೀತು. ಹತ್ತು ಮರ ನೋಡಹೊರಟವರು ಸಾಮಾನ್ಯವಾಗಿ ಎರಡನೇ ವಾರಕ್ಕೇ ಕೈಬಿಡುತ್ತಾರೆ.

ಬಲಪುಟವನ್ನು ಮಾತ್ರ ವಾರಕ್ಕೊಮ್ಮೆ ಬರೆಯಿರಿ, ಐದು ಸಾಲು ಮೀರದಂತೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಕೃತಜ್ಞತೆಯ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಒಂದು ಹೀಗೇ ವಾರಕ್ಕೊಮ್ಮೆ, ಐದು ಸಂಗತಿಗಳವರೆಗೆ, ಹತ್ತು ವಾರ ಬರೆಸಿದ್ದು. ದಿನಾ ಬರೆದರೆ ತಪ್ಪೇನಿಲ್ಲ, ಆದರೆ ಬೇಗ ಬಾಯಿಪಾಠವಾಗಿಬಿಡುತ್ತದೆ.

ಸಾಲು ಕಟ್ಟುವ ಕ್ರಮವೇ ಇಡೀ ಅಭ್ಯಾಸದ ಜೀವಾಳ. ‘ಈ ವಾರ ಹವೆ ಹಿತವಾಗಿತ್ತು’ ಅಂದರೆ ಕೆಲಸಕ್ಕೆ ಬಾರದು. ಪ್ರತಿ ಸಾಲಿನಲ್ಲೂ ಮೂರು ಸಂಗತಿ ಇರಲಿ: ಹವೆ ಮಾಡಿದ್ದೇನು, ಅದು ನಿಮಗೆ ತಲುಪಿದ್ದು ಹೇಗೆ, ನಡುವೆ ಯಾರ ಕೈ ಇತ್ತು. ಉದಾಹರಣೆಗೆ: ‘ಇಬ್ಬನಿ ಸುರಿಯಿತು, ಅವರೆಗೆ ಸೊಗಡು ಹಿಡಿಯಿತು, ಮಂಜಿನಲ್ಲೇ ಕಿತ್ತು ಸಂತೆಗೆ ತಂದವರು ಮಾಗಡಿ ಕಡೆಯವರು.’ ಮೂರನೆಯದು ಹೊಳೆಯದಿದ್ದರೆ ಹಾಲು ಹಾಕುವವರಿಂದ, ಉದುರೆಲೆ ಗುಡಿಸುವ ಪೌರಕಾರ್ಮಿಕರಿಂದ ಶುರುಮಾಡಿ. ಎಲೆ ಉದುರುವ ತಿಂಗಳಲ್ಲಿ ಅವರ ಕೆಲಸ ಎಷ್ಟು ಹೆಚ್ಚುತ್ತದೆಂದು ಎಡಪುಟವೇ ಹೇಳುತ್ತದೆ.

ಪುಟದ ಅಡಿಯಲ್ಲಿ ಎರಡು ಗೆರೆ ಜಾಗ ಬಿಡಿ, ‘ಯಾರಿಗೆ ಕೆಟ್ಟಿತು’ ಎಂದು ಬರೆಯಲು. ಇದನ್ನು ಬಿಟ್ಟರೆ ಕೃತಜ್ಞತೆ ಹುಸಿಯಾಗುತ್ತದೆ. ಕೊಡಗು, ಚಿಕ್ಕಮಗಳೂರಿನಲ್ಲಿ ಫೆಬ್ರವರಿ–ಮಾರ್ಚ್‌ನ ಒಂದು ಇಂಚು ಮಳೆ ರೊಬಸ್ಟಾ ಕಾಫಿಗೆ ಹೂಮಳೆ; ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಅದೇ ಮಳೆ, ಕುಯ್ಲು ಮುಗಿಯದೆ ಕಾಫಿಹಣ್ಣು ಕಣದಲ್ಲಿ ಒಣಗುತ್ತಿರುವಾಗ ಬಂದರೆ ನಷ್ಟ. ಮಾವು ಹೂಬಿಟ್ಟಿರುವಾಗ ಮೋಡ ಕವಿದು ತೇವ ನಿಂತರೆ ಬೂದಿರೋಗ ಹತ್ತಿ ಹೂವೇ ಉದುರುತ್ತದೆ. ಊರಿನಲ್ಲಿ ಕೂತು ‘ತಂಪಾಯಿತು’ ಎಂದು ಬರೆಯುವವರಿಗೆ ಈ ಲೆಕ್ಕವೂ ತಿಳಿದಿರಬೇಕು.

ಜ್ವರ, ಕೆಮ್ಮು, ಧೂಳಿನ ಅಲರ್ಜಿ ಇರುವ ವಾರ ಬಲಪುಟ ಖಾಲಿ ಬಿಡಿ. ಒತ್ತಾಯದಿಂದ ಬರೆದ ಸಾಲು ಮುಂದಿನ ವಾರದ ಉತ್ಸಾಹವನ್ನೂ ತಿನ್ನುತ್ತದೆ. ತಪ್ಪಿದ ವಾರವನ್ನು ನೆನಪಿನಿಂದ ತುಂಬಲೂ ಹೋಗಬೇಡಿ, ಫೋಟೊ ಇದೆಯಲ್ಲ ಅಂತ ಸುಮ್ಮನಾಗಲೂ ಬೇಡಿ. ಫೋಟೊದಲ್ಲಿ ಹೂವು ಸಿಗುತ್ತದೆ, ತಂದವರು ಸಿಗುವುದಿಲ್ಲ.

ಯುಗಾದಿ ದಿನ ಬೇವು-ಬೆಲ್ಲ ತಿಂದ ಮೇಲೆ ಬಲಪುಟಗಳನ್ನಷ್ಟೇ ಓದಿ, ಮತ್ತೆ ಮತ್ತೆ ಬಂದವರ ಕೆಳಗೆ ಗೆರೆ ಎಳೆಯಿರಿ. ಅವರಲ್ಲಿ ಇಬ್ಬರು ಮೂವರಿಗಾದರೂ ಖುದ್ದಾಗಿ, ಇಲ್ಲವೇ ಫೋನಿನಲ್ಲಿ ಹೇಳಿ. ‘ಎಲ್ಲದಕ್ಕೂ ಥ್ಯಾಂಕ್ಸ್’ ಅನ್ನುವ ಬದಲು ಬರೆದ ಸಾಲನ್ನೇ ಹೇಳಿದರೆ ಸಾಕು. ವಾಟ್ಸಾಪ್ ಫಾರ್ವರ್ಡ್ ಬೇಡ.