ಹಳೆ ಪುಸ್ತಕದ ಬೆನ್ನಿಗೆ ಹೊಸ ಚರ್ಮ: ಬಣ್ಣ ಕೂಡಿಸುವ ಬಗೆ

ಬೆನ್ನಿಗೆ ಹಾಕಿದ ಹೊಸ ಚರ್ಮದ ಬಣ್ಣ ಹಳೆಯದಕ್ಕೆ ಕೂಡದಿದ್ದರೆ ಡೈಯನ್ನು ಬೈಯುವುದು ರೂಢಿ. ಅರ್ಧ ತಪ್ಪು ಚರ್ಮದ್ದೇ. ಬೆಂಗಳೂರಿನಲ್ಲಿ ಚೀಲ, ಶೂಗಳಿಗೆಂದು ಮಾರುವ ಚರ್ಮ ಬಹುಪಾಲು ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಲ್ಲಿ ಹದಮಾಡಿದ್ದು. ಅದರ ಅಂಚು ತೆಳ್ಳಗೆ ಹೆರೆಯಲು ಬಗ್ಗದು, ಅಂಟು ಹಚ್ಚಿ ಬೆನ್ನಿಗೆ ಒತ್ತಿದರೆ ಆಕಾರ ಹಿಡಿಯದೆ ಪುಟಿಯುತ್ತದೆ. ಬೇಕಾದ್ದು ಮರದ ತೊಗಟೆಯಲ್ಲಿ ಹದಮಾಡಿದ, ಬಣ್ಣ ಹಾಕದ ಮೇಕೆ ಅಥವಾ ಕರುವಿನ ಚರ್ಮ. ಅಂಗಡಿಯವರ ಮಾತಿಗಿಂತ ಕುದಿನೀರು ನಂಬಿಕಸ್ಥ: ಚೂರು ಹಾಕಿದರೆ ತೊಗಟೆ ಹದದ್ದು ಕೂಡಲೇ ಮುದುಡುತ್ತದೆ, ಕ್ರೋಮ್ ಹೆಚ್ಚು ಕದಲುವುದಿಲ್ಲ.

ಹಳೆ ಚರ್ಮ ಮುಟ್ಟಿದಾಗ ಬೆರಳಿಗೆ ಕೆಂಪು ಪುಡಿ ಹತ್ತಿದರೆ ಅದಕ್ಕೆ ನೀರು ಸೋಕಬಾರದು. ಸೋಕಿದ ಜಾಗ ಕಪ್ಪಾಗಿ ಬಿರುಸಾಗುತ್ತದೆ, ಮತ್ತೆ ಸರಿಹೋಗದು. 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ 2 ಗ್ರಾಂ ಕ್ಲೂಸೆಲ್ ಜಿ (ಉದುರುವ ಚರ್ಮವನ್ನು ಹಿಡಿದಿಡುವ ಸೆಲ್ಯುಲೋಸ್ ಪುಡಿ) ಉದುರಿಸಿ, ರಾತ್ರಿಯಿಡೀ ಕರಗಲು ಬಿಟ್ಟು, ಮೂಲೆಯೊಂದರಲ್ಲಿ ಪರೀಕ್ಷಿಸಿ ತೆಳ್ಳಗೆ ಹಚ್ಚುತ್ತೇನೆ. ಇದರಿಂದ ಹಳೆಯದು ತುಸು ಗಾಢವಾಗಬಹುದು. ಹಾಗಾಗಿ ಬಣ್ಣ ಕೂಡಿಸುವುದು ಇದು ಒಣಗಿದ ಮೇಲೆಯೇ.

ಹೊಸ ಚರ್ಮಕ್ಕೆ ಡೈ ಪುಡಿ 1 ಗ್ರಾಂ, ನೀರು 100 ಮಿ.ಲೀ. ಕಂದು, ಹಳದಿ, ಹಸಿರು, ಕಪ್ಪು ಬೇರೆಬೇರೆ ಬಾಟಲಿಗಳಲ್ಲಿ. ಹಚ್ಚುವಾಗ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಬೋರ್‌ವೆಲ್ ನೀರು ಬೇಡ. ಅದರಲ್ಲಿ ಕಬ್ಬಿಣದ ಅಂಶವಿದ್ದರೆ ತೊಗಟೆಯ ಒಗರಿನ ಜೊತೆ ಸೇರಿ ನೀಲಿಗಪ್ಪು ಚುಕ್ಕೆ ಬೀಳುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಒದ್ದೆ ಚರ್ಮಕ್ಕೆ ಉಕ್ಕಿನ ಚಾಕು ತಗುಲಿದರೂ ಇದೇ ಗತಿ.

ಹಳೆ ಚರ್ಮಕ್ಕೆ ಒಂದೇ ಬಣ್ಣವಿರುವುದಿಲ್ಲ. ಅದರಲ್ಲಿ ಎಲ್ಲಕ್ಕಿಂತ ತಿಳಿಯಾದದ್ದನ್ನು ಹುಡುಕಿ ಅಲ್ಲಿಂದ ಶುರುಮಾಡುತ್ತೇನೆ. ಗಾಢ ಮಾಡುವುದು ಸುಲಭ, ತಿಳಿ ಮಾಡುವುದು ಆಗದ ಮಾತು. ಐದಾರು ಸಲ, ಪ್ರತಿ ಸಲ ಒಣಗಿಸಿ. ಕಂದು ಕೆಂಪಿಗೆ ವಾಲಿದರೆ ಹಸಿರು ಒಂದೆರಡು ಹನಿ. ಕಪ್ಪು ಸುರಿದರೆ ಬಣ್ಣ ಸತ್ತಂತೆ ಕಾಣುತ್ತದೆ. ಹೆರೆದ ಅಂಚಿಗೂ ಡೈ ಮುಟ್ಟಿಸಬೇಕು, ಇಲ್ಲವಾದರೆ ಸಂದಿನಲ್ಲಿ ಬಿಳಿ ಗೆರೆ ಇಣುಕುತ್ತದೆ.

ಒದ್ದೆಯಿದ್ದಾಗ ಗಾಢ, ಒಣಗಿದರೆ ತಿಳಿ, ಮೇಣ ತಿಕ್ಕಿದರೆ ಮತ್ತೆ ಗಾಢ. ಆದ್ದರಿಂದ ಹೊಸ ಚರ್ಮದ ಒಂದು ಚೂರಿಗೆ ಮೊದಲು ಡೈ ಹಚ್ಚಿ, ಪೂರ್ತಿ ಒಣಗಿದ ಮೇಲೆ ಅದರ ಅರ್ಧಕ್ಕೆ ಮೇಣ ತಿಕ್ಕಿ, ಕಿಟಕಿಯ ಬೆಳಕಿನಲ್ಲಿ ಹಳೆಯದರ ಪಕ್ಕ ಹಿಡಿಯುತ್ತೇನೆ. ಟ್ಯೂಬ್‌ಲೈಟ್ ಕೆಳಗೆ ಕೂಡಿದ್ದು ಹಗಲಲ್ಲಿ ಬೇರೆಯಾಗಿ ಕಾಣಬಹುದು. ಮಳೆಗಾಲದಲ್ಲಿ ಇಡೀ ದಿನ ಕಾಯುವುದು ಒಳ್ಳೆಯದು.

ಮೈದಾ ಅಂಟು ಕೆಡದಿರಲೆಂದು ಅದಕ್ಕೆ ಮೈಲುತುತ್ತ ಹಾಕುವ ಅಭ್ಯಾಸ ನಮ್ಮ ಬೈಂಡರ್‌ಗಳಲ್ಲಿದೆ. ಚರ್ಮಕ್ಕೂ ಕಾಗದಕ್ಕೂ ಅದು ಬೇಡ. ದಿನಕ್ಕೆ ಬೇಕಾದಷ್ಟೇ ಅಂಟು ಕಾಯಿಸಿದರಾಯಿತು. ಬೆನ್ನು ಕೂತ ಮೇಲೆ ಉಳಿದ ಸಣ್ಣ ವ್ಯತ್ಯಾಸಕ್ಕೆ ನೀರಾದ ಅಕ್ರಿಲಿಕ್, ಅರೆಒಣ ಬ್ರಷ್‌ನಲ್ಲಿ, ಹೊಸ ಚರ್ಮದ ಮೇಲೆ ಮಾತ್ರ. ಪರೀಕ್ಷೆಯ ಚೂರಿನ ಹಿಂದೆ ಹನಿಗಳ ಲೆಕ್ಕ ಬರೆದಿಡುತ್ತೇನೆ. ಅದೇ ಮಾಲೆಯ ಮುಂದಿನ ಸಂಪುಟ ಬಂದಾಗ ಅದೇ ಆಧಾರ.