ಫ್ರಂಟ್ ಲೋಡ್ ಮಷೀನು ನೀರಿನ ಲೆಕ್ಕ ತಪ್ಪಿದಾಗ ನಾನು ಹುಡುಕಿದ ದಾರಿ

ಫ್ರಂಟ್ ಲೋಡ್ ವಾಷಿಂಗ್ ಮಷೀನು ನೇರವಾಗಿ ನೀರನ್ನು ಅಳೆಯುವುದಿಲ್ಲ, ಗಾಳಿಯ ಒತ್ತಡವನ್ನು ಅಳೆಯುತ್ತದೆ. ಟಬ್ಬಿನ ತಳಕ್ಕೆ ಅಂಟಿದಂತೆ ಒಂದು ಪುಟ್ಟ ಗಾಳಿಗೂಡು, ಅದರಿಂದ ಮೇಲಕ್ಕೆ ಪೆನ್ಸಿಲ್ ದಪ್ಪದ ರಬ್ಬರ್ ಪೈಪು, ಪೈಪಿನ ತುದಿಗೆ ಪ್ರೆಷರ್ ಸ್ವಿಚ್ಚು. ನೀರು ಏರಿದ ಹಾಗೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಗಿಯಾಗುತ್ತದೆ, ಆ ಬಿಗಿತದಿಂದಲೇ ಸ್ವಿಚ್ಚು ನೀರಿನ ಮಟ್ಟವನ್ನು ಮಷೀನಿಗೆ ತಿಳಿಸುತ್ತದೆ. 10 ಸೆಂಟಿಮೀಟರ್ ನೀರಿಗೆ ಹುಟ್ಟುವ ಒತ್ತಡ ಸುಮಾರು 10 ಮಿಲಿಬಾರ್ ಅಷ್ಟೇ. ಇಷ್ಟು ಸೂಕ್ಷ್ಮವಾದ ಅಳತೆಯನ್ನು ಕೆಡಿಸಲು ಸೂಜಿಮೊನೆಯಷ್ಟು ತೂತು ಸಾಕು.

ಯಾವುದು ದೋಷವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗಾಜಿನ ಬಾಗಿಲಲ್ಲಿ ನೀರೇ ಕಾಣದಿದ್ದರೆ ಗಾಬರಿ ಬೇಡ, ಈ ಮಷೀನುಗಳು ತಳದಲ್ಲಷ್ಟೇ ನೀರು ಇಟ್ಟುಕೊಂಡು ಒಗೆಯುತ್ತವೆ. ಸ್ವಲ್ಪ ತುಂಬಿಸಿ, ನಿಲ್ಲಿಸಿ, ಡ್ರಮ್ ಎರಡು ಸುತ್ತು ತಿರುಗಿಸಿ ಮತ್ತೆ ನೀರೆಳೆಯುವುದೂ ಸಹಜವೇ. ಒಣ ಟವೆಲ್ಲುಗಳು ನೀರು ಹೀರಿದಾಗ ಮಟ್ಟ ಇಳಿಯುತ್ತದೆ, ಮಷೀನು ಅದನ್ನು ಸರಿದೂಗಿಸುತ್ತದೆ.

ನನ್ನ ಮುಂದಿದ್ದ 7 ಕೆ.ಜಿ. ಮಷೀನಿನ ವರ್ತನೆ ಬೇರೆ. ಒಂದು ದಿನ ನೀರು ಬಾಗಿಲಿನ ಅರ್ಧ ದಾಟಿತು. ಮರುದಿನ ಹನಿ ನೀರನ್ನೂ ಎಳೆಯಲಿಲ್ಲ.

ಮೊದಲ ಪರೀಕ್ಷೆ ಬರಿಗೈಯದು. ನೀರು ತುಂಬುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿದೆ. ಕರೆಂಟ್ ಹೋದ ಮೇಲೂ ನೀರು ಬರುತ್ತಿದ್ದರೆ, ನೀರನ್ನು ಒಳಬಿಡುವ ಕರೆಂಟಿನ ವಾಲ್ವಿನ ರಬ್ಬರಿನಡಿ ಮರಳೋ ತುಕ್ಕೋ ಸಿಕ್ಕಿದೆ ಎಂದರ್ಥ. ನೀರಿನ ಒತ್ತಡ ತೀರಾ ಕಡಿಮೆ ಇದ್ದರೂ ಹೀಗೇ ಸೋರಬಹುದು, ಏಕೆಂದರೆ ಆ ರಬ್ಬರನ್ನು ಬಿಗಿಯಾಗಿ ಕೂರಿಸುವುದೇ ನಲ್ಲಿಯ ಒತ್ತಡ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಓವರ್‌ಹೆಡ್ ಟ್ಯಾಂಕಿನ ನೇರ ಕೆಳಗಿನ ಮನೆಗೆ ಎರಡೂವರೆ ಮೀಟರ್ ಸಿಕ್ಕರೆ ಬರುವುದು 0.25 ಬಾರ್ ಮಾತ್ರ. ಮಷೀನಿನ ಕೈಪಿಡಿಯಲ್ಲಿ ಕನಿಷ್ಠ ಒತ್ತಡ ಬರೆದಿರುತ್ತದೆ, ಅದನ್ನು ನೋಡಿಕೊಳ್ಳಿ. ಇಲ್ಲಿ ಸ್ವಿಚ್ ಆರಿಸಿದ ತಕ್ಷಣ ನೀರು ನಿಂತಿತು. ಅಂದರೆ ವಾಲ್ವ್ ಸರಿಯಿದೆ, ನೀರು ಬೇಕೆಂದು ಮಷೀನೇ ಕೇಳುತ್ತಿದೆ.

ಹನಿಯೂ ಬಾರದ ದಿನ ನಲ್ಲಿ ಮುಚ್ಚಿ, ಹಿಂದಿನ ಇನ್‌ಲೆಟ್ ಪೈಪ್ ಬಿಚ್ಚಿ, ವಾಲ್ವಿನ ಬಾಯಲ್ಲಿರುವ ಜಾಲರಿಯನ್ನು ಇಕ್ಕಳದಿಂದ ಎಳೆದು ನೋಡಿದೆ. ಬೋರ್‌ವೆಲ್ ನೀರಿರುವ ಮನೆಗಳಲ್ಲಿ ಇದು ಮಣ್ಣು, ಉಪ್ಪಿನಿಂದ ಕಟ್ಟಿಕೊಂಡಿರುತ್ತದೆ. ಇಲ್ಲಿ ಅದೂ ಸ್ವಚ್ಛ.

ಡ್ರೈನ್ ಪೈಪನ್ನೂ ಪರೀಕ್ಷಿಸಿದೆ. ಅದರ ತುದಿ ಟಬ್ಬಿನ ನೀರಿಗಿಂತ ಕೆಳಗಿದ್ದರೆ, ಅಥವಾ ಗೋಡೆಯ ಪೈಪಿನ ಬಾಯಿಗೆ ಗಾಳಿಯಾಡದಂತೆ ಟೇಪ್ ಸುತ್ತಿದ್ದರೆ, ಪಂಪ್ ಸುಮ್ಮನಿದ್ದರೂ ನೀರು ತಾನಾಗಿ ಹರಿದುಹೋಗುತ್ತದೆ. ಮಷೀನು ತುಂಬಿಸುತ್ತಲೇ ಇರುತ್ತದೆ, ಟಬ್ಬು ತುಂಬುವುದಿಲ್ಲ. ಪೈಪಿನ ತುದಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು.

ಉಳಿದದ್ದು ಗಾಳಿಯ ದಾರಿ. ಪ್ಲಗ್ ಕಿತ್ತು, ಕೆಳಗಿನ ಫಿಲ್ಟರ್ ತೆರೆದು ಟಬ್ಬಿನ ನೀರನ್ನು ಪೂರ್ತಿ ಖಾಲಿ ಮಾಡಿದೆ. ಹಿಂಬದಿಯ ಎರಡು ಸ್ಕ್ರೂ ಬಿಚ್ಚಿದರೆ ಮೇಲಿನ ಮುಚ್ಚಳ ಹಿಂದಕ್ಕೆ ಜಾರುತ್ತದೆ. ರಬ್ಬರ್ ಪೈಪನ್ನು ಎರಡೂ ಕಡೆ ಬಿಡಿಸಿ, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ಪೈಪನ್ನು ನೀರಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿದೆ. ಗುಳ್ಳೆ ಬರಲಿಲ್ಲ. ಬಂದಿದ್ದರೆ ಪೈಪ್ ಬದಲಿಸಬೇಕಿತ್ತು. ತೂತಿದ್ದರೆ ಗಾಳಿ ಸೋರಿ, ಮಷೀನು ನೀರು ಕಡಿಮೆಯೆಂದೇ ಭಾವಿಸಿ ತುಂಬಿಸುತ್ತಾ ಹೋಗುತ್ತದೆ.

ಗಾಳಿಗೂಡಿನ ಬಾಯಲ್ಲಿ ಮಾತ್ರ ಸೋಪಿನ ಪುಡಿ, ನೂಲು, ಬೂದುಬಣ್ಣದ ಕೆಸರು ಸೇರಿ ಗಟ್ಟಿಯಾಗಿತ್ತು. ಎರಡು ದಿನದ ಎರಡು ವಿರುದ್ಧ ಲಕ್ಷಣಗಳಿಗೂ ಇದೇ ಕಾರಣ. ನೀರು ಬರುವ ಮುನ್ನವೇ ಬಾಯಿ ಕಟ್ಟಿದ್ದರೆ ಗಾಳಿ ಬಿಗಿಯಾಗುವುದಿಲ್ಲ, ಹಾಗಾಗಿ ನೀರು ಏರುತ್ತಲೇ ಹೋಗುತ್ತದೆ. ತುಂಬಿದ ಮೇಲೆ ಕಟ್ಟಿದರೆ ಬಿಗಿದ ಗಾಳಿ ಒಳಗೇ ಉಳಿಯುತ್ತದೆ. ಟಬ್ಬು ಖಾಲಿಯಿದ್ದರೂ ಮಷೀನಿಗೆ ಅದು ತುಂಬಿದ ಟಬ್ಬು.

ಬಿಸಿನೀರನ್ನು ಪೈಪಿನ ಬಾಯಿಂದ ಬಿಟ್ಟು, ತೆಳುವಾದ ಬಾಟಲ್ ಬ್ರಷ್ಷಿನಿಂದ ಗೂಡನ್ನು ತೊಳೆದೆ. ಪ್ರೆಷರ್ ಸ್ವಿಚ್ಚಿಗೆ ಪೈಪ್ ಸಿಕ್ಕಿಸಿಕೊಂಡೇ ಜೋರಾಗಿ ಊದಬೇಡಿ, ಒಳಗಿನ ತೆಳು ಪರದೆ ಹರಿಯುತ್ತದೆ. ಮೆಲ್ಲಗೆ ಊದಿದರೆ ಹಳೆಯ ಮಾದರಿಯ ಸ್ವಿಚ್ 'ಟಿಕ್' ಎನ್ನುತ್ತದೆ. ಎಲೆಕ್ಟ್ರಾನಿಕ್ ಮಾದರಿಯಲ್ಲಿ ಸದ್ದಿರುವುದಿಲ್ಲ.

ಪೈಪನ್ನು ಮತ್ತೆ ಜೋಡಿಸುವಾಗ ಟಬ್ಬಿನಲ್ಲಿ ನೀರಿರಬಾರದು. ನೀರಿರುವಾಗ ಜೋಡಿಸಿದರೆ ಅಷ್ಟು ನೀರು ಸೊನ್ನೆಯೆಂದು ಲೆಕ್ಕವಾಗಿ, ಮುಂದಿನ ತುಂಬುವಿಕೆಯೂ ಅಷ್ಟೇ ಹೆಚ್ಚಾಗುತ್ತದೆ. ಕೆಲಸ ಮುಗಿಸಿ ಬಟ್ಟೆಯಿಲ್ಲದೆ, ಸೋಪಿಲ್ಲದೆ 60 ಡಿಗ್ರಿಯಲ್ಲಿ ಒಂದು ಸುತ್ತು ಓಡಿಸಿದೆ. ನೀರು ಬಾಗಿಲಿನ ಕೆಳ ಅಂಚಿಗಿಂತ ಕೆಳಗೇ ನಿಂತಿತು.