ವೇವರ್ ಹುಡುಕುವ ಮುನ್ನ ಊರು ಹುಡುಕಿ: ಜೆ-1 ವೈದ್ಯರಿಗೆ ಕೆಲವು ಮಾತು

ಅಮೆರಿಕದಲ್ಲಿ ಜೆ-1 ವೀಸಾ ಮೇಲೆ ಮಾಡುವ ರೆಸಿಡೆನ್ಸಿಯ (ಪದವಿಯ ನಂತರದ ಆಸ್ಪತ್ರೆ ತರಬೇತಿಯ) ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ನಮ್ಮ ಹುಡುಗ ಹುಡುಗಿಯರೆಲ್ಲ ಕೇಳುವುದು ಒಂದೇ: ವೇವರ್, ಅಂದರೆ ತಾಯ್ನಾಡಿಗೆ ಮರಳಬೇಕೆಂಬ ಷರತ್ತಿನಿಂದ ವಿನಾಯಿತಿ, ಎಲ್ಲಿ ಬೇಗ ಸಿಗುತ್ತದೆ? ಉತ್ತರ ಡಕೋಟದ ಸಣ್ಣ ಊರಿನಲ್ಲಿ ಬಹುಕಾಲದಿಂದ ಇರುವ ನನಗೆ ಈ ಪ್ರಶ್ನೆ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಸಿಕ್ಕ ಮೇಲೆ ಅಲ್ಲಿ ಬದುಕಬೇಕಾದವರು ನೀವು, ನಿಮ್ಮ ಸಂಗಾತಿ, ನಿಮ್ಮ ಮಕ್ಕಳು. ಅದನ್ನು ಯಾರೂ ಕೇಳುವುದಿಲ್ಲ.

ನಿಯಮ ನಿಮಗೆ ಗೊತ್ತೇ ಇದೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕು; ವೈದ್ಯರಿಗೆ ಭಾರತ ಸರ್ಕಾರದ ನಿರಾಕ್ಷೇಪಣಾ ಪತ್ರ ಇಲ್ಲಿ ನಡೆಯುವುದಿಲ್ಲ. ಉಳಿದ ದಾರಿಗಳಲ್ಲಿ ಹೆಚ್ಚಿನವರು ಹಿಡಿಯುವುದು ಕಾನ್ರಾಡ್ 30. ಇದೇ ರಾಜ್ಯದ ಸೆನೆಟರ್ ಕೆಂಟ್ ಕಾನ್ರಾಡ್ 1994ರಲ್ಲಿ ತಂದ ಯೋಜನೆ ಇದು. ವೈದ್ಯರ ಕೊರತೆ ಇರುವ ಪ್ರದೇಶದಲ್ಲಿ ವಾರಕ್ಕೆ 40 ಗಂಟೆಯಂತೆ ಮೂರು ವರ್ಷ ಎಚ್-1ಬಿ ಉದ್ಯೋಗ ವೀಸಾ ಮೇಲೆ ದುಡಿಯಬೇಕು. ರಾಜ್ಯಕ್ಕೆ ವರ್ಷಕ್ಕೆ 30 ಸ್ಥಾನ, ರಾಜ್ಯ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ. ಹಾಗಾಗಿ ಟೆಕ್ಸಾಸ್‌ನಂಥ ಕಡೆ ನೂಕುನುಗ್ಗಲು, ಅಲಾಸ್ಕದಂಥ ಕಡೆ ಜಾಗ ಉಳಿಯುವುದುಂಟು. ವೇವರ್‌ಗೆ ಹಾಕುವ ಡಿಎಸ್-3035 ಅರ್ಜಿ, ರಾಜ್ಯದ ಶಿಫಾರಸು, ವಿದೇಶಾಂಗ ಇಲಾಖೆ, ವಲಸೆ ಇಲಾಖೆ ಎಲ್ಲವನ್ನೂ ವಕೀಲರು ನೋಡಿಕೊಳ್ಳುತ್ತಾರೆ.

ಒಪ್ಪಂದವನ್ನು ಮಾತ್ರ ವಕೀಲರಿಗೆ ಬಿಟ್ಟು ಸುಮ್ಮನಾಗಬೇಡಿ, ಅದರಲ್ಲೂ ಆ ವಕೀಲರು ಆಸ್ಪತ್ರೆಯವರೇ ನೇಮಿಸಿದವರಾಗಿದ್ದರೆ. ನನ್ನ ಮೊದಲ ಆಸ್ಪತ್ರೆ ಒಂದು ಕ್ಲಿನಿಕ್‌ನ ಹೆಸರು ಬರೆದು ಸಹಿ ಹಾಕಿಸಿಕೊಂಡಿತು. ಕೆಲಸಕ್ಕೆ ಸೇರಿದ ಮೇಲೆ ಪಕ್ಕದ ಊರಿನ ಕ್ಲಿನಿಕ್ಕನ್ನೂ, ರಾತ್ರಿ ಕರೆಗಳನ್ನೂ ನನ್ನ ಹೆಗಲಿಗೇ ಹಾಕಿತು. ಅರ್ಜಿಯಲ್ಲಿ ಕಾಣಿಸಿದ ಸ್ಥಳ ಬಿಟ್ಟು ಬೇರೆಡೆ ದುಡಿದರೆ ತೊಂದರೆಗೆ ಸಿಲುಕುವವರು ನಾವು, ಅವರಲ್ಲ. ಇದನ್ನು ಹೇಳಿದಾಗ ಬಂದ ಉತ್ತರ ಒಂದು ಮುಗುಳ್ನಗೆ. ನಾವು ಬಿಟ್ಟು ಹೋಗಲಾರೆವು ಎಂದು ಅವರಿಗೆ ಗೊತ್ತು. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಆ ಎರಡು ವರ್ಷದ ಷರತ್ತು ಮತ್ತೆ ಕುತ್ತಿಗೆಗೆ ಬೀಳುತ್ತದೆ. ತಡೆಯಲಾಗದ ಕಾರಣವಿತ್ತೆಂದು ವಲಸೆ ಇಲಾಖೆಗೆ ಮನವರಿಕೆ ಮಾಡಿ, ಉಳಿದ ಅವಧಿಯನ್ನು ಇನ್ನೊಂದು ಕೊರತೆಯ ಪ್ರದೇಶದಲ್ಲಿ ಮುಗಿಸುವ ದಾರಿ ಇದೆ. ಆದರೆ ಆ ದಾರಿ ಸುಲಭವಲ್ಲ. ಆದ್ದರಿಂದ ರಾತ್ರಿ ಪಾಳಿ ಎಷ್ಟು, ಯಾವ ಯಾವ ಸ್ಥಳ, ಮಧ್ಯೆ ಬಿಟ್ಟರೆ ದಂಡವೆಷ್ಟು, ಗ್ರೀನ್ ಕಾರ್ಡ್ ಅರ್ಜಿ ಯಾವ ತಿಂಗಳಲ್ಲಿ ಹಾಕುತ್ತಾರೆ, ಎಲ್ಲವೂ ಕಾಗದದ ಮೇಲೆ ಇರಲಿ. ಬಾಯಿಮಾತಿನ ಭರವಸೆಗೆ ಬೆಲೆ ಇಲ್ಲ. ದೊಡ್ಡವರು ಹೇಳಿದರೆ ನಂಬಿ ತಲೆಯಾಡಿಸುವುದು ನಮ್ಮ ಮನೆಗಳ ಅಭ್ಯಾಸ, ಇಲ್ಲಿ ಅದನ್ನು ಬಿಡಲೇಬೇಕು.

ನಿಮ್ಮ ಜತೆ ಬಂದು ಜೆ-2 ವೀಸಾದಲ್ಲಿರುವ ಸಂಗಾತಿಗೆ ಅನುಮತಿ ಪಡೆದು ಕೆಲಸ ಮಾಡುವ ಅವಕಾಶವಿದೆ. ನೀವು ಎಚ್-1ಬಿಗೆ ಬದಲಾದ ದಿನ ಅವರು ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ) ಆಗುತ್ತಾರೆ, ಕೆಲಸ ನಿಲ್ಲುತ್ತದೆ. ಸಾಮಾನ್ಯವಾಗಿ ಗ್ರೀನ್ ಕಾರ್ಡಿಗಾಗಿ ಹಾಕುವ ನಿಮ್ಮ ಐ-140 ಅರ್ಜಿ ಮಂಜೂರಾಗುವವರೆಗೆ ಅವರು ಕಾಯಬೇಕು. ಓದಿ, ದುಡಿದು, ತನ್ನದೇ ಹೆಸರಿನಲ್ಲಿ ಬದುಕಿದ ಹೆಣ್ಣುಮಕ್ಕಳು ಹಿಮ ಮುಚ್ಚಿದ ಊರಿನ ಮನೆಯೊಳಗೆ ತಿಂಗಳುಗಟ್ಟಲೆ ಕುಗ್ಗುವುದನ್ನು ಕಂಡಿದ್ದೇನೆ. ಸಂಬಳ ಜಾಸ್ತಿ ಎಂದು ಹಿಗ್ಗುವ ಗಂಡಂದಿರು ಇದನ್ನು ಮೊದಲೇ ಕುಳಿತು ಮಾತನಾಡಿಕೊಳ್ಳಬೇಕು.

ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡಿನ ಸರದಿ ದಶಕ ಮೀರಿದೆ. ಕೊರತೆಯ ಪ್ರದೇಶದಲ್ಲಿ ಒಟ್ಟು ಐದು ವರ್ಷ ದುಡಿಯುವ ವೈದ್ಯರಿಗೆ ರಾಷ್ಟ್ರಹಿತದ ಹೆಸರಿನ ಪ್ರತ್ಯೇಕ ಅರ್ಜಿ ಇದೆ. ವೇವರ್‌ನ ಮೂರು ವರ್ಷ ಅದಕ್ಕೆ ಸೇರುತ್ತದೆ. ಐದು ವರ್ಷ ತುಂಬಲಿ ಎಂದು ಕಾಯದೆ ಮೊದಲೇ ಹಾಕಿ, ಸರದಿಯ ದಿನಾಂಕ ಹಿಡಿಯಿರಿ. ಮಗುವನ್ನು ಎತ್ತಿಕೊಂಡು ಬಂದವರಿಗಂತೂ ಒಂದೊಂದು ತಿಂಗಳೂ ಮುಖ್ಯ. ಇಲ್ಲೇ ಅಕ್ಷರ ಕಲಿತ, ಇಲ್ಲಿಯ ಫುಟ್‌ಬಾಲ್ ತಂಡಕ್ಕೆ ಕೂಗುವ ಮಗ 21 ತುಂಬಿದಾಗ ನಿಮ್ಮ ಅರ್ಜಿಯಿಂದ ಹೊರಬೀಳಬಹುದು. ಊರೆಲ್ಲ ತನ್ನದೆಂದುಕೊಂಡಿದ್ದವನಿಗೆ ನೀನು ವಿದೇಶಿ ವಿದ್ಯಾರ್ಥಿ ಎಂದು ಹೇಳುವ ಕಷ್ಟ ಯಾವ ತಂದೆತಾಯಿಗೂ ಬೇಡ.

ಕನ್ನಡ ಮಾತನಾಡುವ ಮನೆ ಹತ್ತಿರ ಇರುವುದಿಲ್ಲ, ಕನ್ನಡ ಕೂಟಕ್ಕೆ ಗಂಟೆಗಟ್ಟಲೆ ಕಾರು ಓಡಿಸಬೇಕು. ಮನೆಯಲ್ಲಿ ನೀವು ಆಡದಿದ್ದರೆ ಮಕ್ಕಳ ಕಿವಿಗೆ ಕನ್ನಡ ಬೀಳುವುದೇ ಇಲ್ಲ. ನನ್ನ ಮಗಳು ಅಜ್ಜಿಯ ಮಾತು ಅರ್ಥಮಾಡಿಕೊಳ್ಳುತ್ತಾಳೆ, ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಆ ನೋವು ಉಳಿದೇ ಇದೆ.

ಆದರೂ ದೂರದ ನಗರದಲ್ಲಿ ಮನೆ ಮಾಡಿ ಓಡಾಡುತ್ತೇನೆ ಎಂದುಕೊಳ್ಳಬೇಡಿ, ಆ ಊರಿನಲ್ಲೇ ಇರಿ. ಇಲ್ಲಿಯ ಸಕ್ಕರೆ ಬೀಟ್‌ರೂಟ್ ಬೆಳೆಯುವ ರೈತ ಎದೆನೋವನ್ನು ಕೊಯ್ಲು ಮುಗಿಯುವವರೆಗೆ ಮುಚ್ಚಿಡುತ್ತಾನೆ, ನಮ್ಮ ಮಂಡ್ಯದ ಕಬ್ಬಿನ ರೈತನ ಹಾಗೆಯೇ. ಅಂಗಡಿಯಲ್ಲಿ, ಶಾಲೆಯ ಅಂಗಳದಲ್ಲಿ ನಿಮ್ಮನ್ನು ದಿನವೂ ಕಂಡರೆ ಮಾತ್ರ ಅವನು ಬಾಯಿಬಿಡುತ್ತಾನೆ. ಕರ್ನಾಟಕದಲ್ಲಿ 2012ರ ಕಾಯ್ದೆ ವೈದ್ಯಪದವೀಧರರಿಗೆ ಒಂದು ವರ್ಷದ ಗ್ರಾಮೀಣ ಸೇವೆಯನ್ನು ಕಡ್ಡಾಯ ಮಾಡಿದಾಗ ನಮ್ಮವರು ಎಷ್ಟು ವಿರೋಧಿಸಿದರು! ರಾಯಚೂರು, ಯಾದಗಿರಿಯ ಹಳ್ಳಿಗಳಿಗೆ ಬೇಕಾದ ಕೈಗಳು ಇಲ್ಲಿ ಮೂರು ವರ್ಷ ದುಡಿಯುತ್ತಿವೆ. ಈ ಲೆಕ್ಕ ನನ್ನ ಮನಸ್ಸಿನಿಂದ ಹೋಗುವುದಿಲ್ಲ, ನಿಮ್ಮ ಮನಸ್ಸಿನಿಂದಲೂ ಹೋಗದಿರಲಿ.

ಸಂದರ್ಶನಕ್ಕೆ ಕರೆದರೆ ಸಂಗಾತಿಯನ್ನು ಕರೆದುಕೊಂಡೇ ಹೋಗಿ, ಸಾಧ್ಯವಾದರೆ ಜನವರಿಯಲ್ಲಿ. ಶಾಲೆಯನ್ನೂ ಹತ್ತಿರದ ಹೆರಿಗೆ ಆಸ್ಪತ್ರೆಯನ್ನೂ ನೋಡಿ. ನಿಮಗಿಂತ ಮೊದಲು ಆ ಹುದ್ದೆಯಲ್ಲಿದ್ದ ವೈದ್ಯರ ಫೋನ್ ನಂಬರ್ ಕೇಳಿ. ಕೊಡಲು ಆಸ್ಪತ್ರೆ ಹಿಂಜರಿದರೆ ಬೇರೆ ಊರು ನೋಡಿ.